ಮೂಕಯಂತ್ರದ ನಿದಾನ

ಗೋಡೆಯ ಗಡಿಯಾರವು ಬೇಸಗೆಯಲ್ಲಿ ಹಿಂದಕ್ಕೂ ಚಳಿಗಾಲದಲ್ಲಿ ಮುಂದಕ್ಕೂ ನಡೆಯುವುದೇತಕ್ಕೆಂಬುದನ್ನು ಕಳೆದ ತಿಂಗಳು ಇದೇ ಪುಟಗಳಲ್ಲಿ ಪ್ರಸ್ತಾಪಿಸಿದ್ದೆವು. ಈ ತಿಂಗಳು ನಾವು ಬರೆಯಹೊರಟಿರುವ ಯಂತ್ರವನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕಂಡಿರಲಾರರು. ಕಳೆದ ವರ್ಷ ಮಗಳ ಮನೆಗೆ ಹೋಗಿಬರುವವರೆಗೆ ನಾವೂ ಕಂಡವರಲ್ಲ. ಅಂಥದನ್ನು ಕುರಿತು ಗೃಹಸ್ಥರ ಪತ್ರಿಕೆಯಲ್ಲಿ ಬರೆಯುವುದೇಕೆಂದು ಕೇಳಬಹುದು. ಆ ಯಂತ್ರಕ್ಕೆ ಬಂದಿದ್ದ ರೋಗವು ನಿಮ್ಮ ಅಟ್ಟದ ಮೇಲಿರುವ ಹಳೆಯ ರೇಡಿಯೋವಿಗೂ ಬರತಕ್ಕ ರೋಗವೇ. ಅದನ್ನು ಕಂಡುಹಿಡಿದ ಬಗೆಯೂ ಹೊಸದೇನಲ್ಲ, ನಮ್ಮ ವೈದ್ಯರೂ ತಾರ್ಕಿಕರೂ ಬಹುಕಾಲದಿಂದ ಬಲ್ಲದ್ದು. ಇದಲ್ಲದೆ ಆ ಚಿಕಿತ್ಸೆಯ ನಡುವೆ ನಮ್ಮ ಕೈಯಿಂದಲೇ ಒಂದು ಅಪರಾಧವು ನಡೆದುಹೋಯಿತು. ಅದನ್ನು ಮುಚ್ಚಿಟ್ಟುಕೊಂಡು ಇತರರಿಗೆ ಗಡಿಯಾರದ ವಿಚಾರದಲ್ಲಿ ಬುದ್ಧಿ ಹೇಳುತ್ತ ಕುಳಿತಿರುವುದು ನಮಗೆ ಸರಿಕಾಣಲಿಲ್ಲ.

ಅಮೆರಿಕಾ ದೇಶದ ಷಿಕಾಗೋ ನಗರದ ಹೊರವಲಯದಲ್ಲಿ ನಮ್ಮ ಮಗಳೂ ಅಳಿಯಂದಿರೂ ವಾಸವಾಗಿದ್ದಾರೆ. ನಾಣ್ಯ ಹಾಕಿ ಆಡತಕ್ಕ ಯಂತ್ರಗಳಿಗೆ ಆ ನಗರವು ತೌರುಮನೆಯಿದ್ದಂತೆ. ಆಳೆತ್ತರದ ಮರದ ಬೀರು. ಅದರ ಎದೆಯಲ್ಲಿ ಟೆಲಿವಿಷನ್ನಿನಂಥ ಗಾಜಿನ ಪರದೆ. ಪರದೆಯ ಕೆಳಗೆ ಕೈಯಿಂದ ಅತ್ತಿತ್ತ ನೂಕುವ ಒಂದು ಹಿಡಿ, ಒತ್ತುವ ಒಂದೆರಡು ಗುಂಡಿ. ಅದರ ಕೆಳಗೆ ಕಾಲು ಡಾಲರಿನ ನಾಣ್ಯವನ್ನು ನುಂಗುವ ಬಾಯಿ. ೧೯೭೮ರಲ್ಲಿ ಜಪಾನಿನ ಟೈಟೋ ಸಂಸ್ಥೆಯವರಿಗಾಗಿ ತೊಮೊಹಿರೊ ನಿಷಿಕಾಡೊ ಎಂಬವರು ರಚಿಸಿದ ‘ಸ್ಪೇಸ್ ಇನ್‌ವೇಡರ್ಸ್’ ಎಂಬ ಆಟವು ಬಂದ ಮೇಲೆ ಇಂಥ ಯಂತ್ರಗಳು ಅಲ್ಲಿಯ ಅಂಗಡಿ, ಉಪಾಹಾರಗೃಹ, ಅಗಸಗಟ್ಟೆಗಳವರೆಗೂ ಹಬ್ಬಿದುವು. ಆ ಆಟದಲ್ಲಿ ಇಳಿಯುವ ನಾಲ್ಕು ಸ್ವರಗಳು ಎಡೆಬಿಡದೆ ಮೊಳಗುವುವು. ವೈರಿಗಳ ಸಂಖ್ಯೆಯು ಕಡಮೆಯಾದಷ್ಟೂ ಆ ಸ್ವರಗಳ ಕಾಲವು ದುರಿತವಾಗುವುದು. ಆಡುವವನ ಎದೆಬಡಿತವನ್ನು ಏರಿಸುತ್ತಿದ್ದುದು ಕಣ್ಣಿಗೆ ಕಾಣುವ ಬೊಂಬೆಗಿಂತ ಕಿವಿಗೆ ಕೇಳುವ ಆ ನಾಲ್ಕು ಸ್ವರಗಳೇ ಎಂದು ಬಲ್ಲವರು ಹೇಳುವರು.

ನಮ್ಮ ಅಳಿಯಂದಿರ ಮನೆಯ ನೆಲಮಾಳಿಗೆಯಲ್ಲಿದ್ದುದು ‘ಜೌಸ್ಟ್’ ಎಂಬ ಯಂತ್ರ. ಷಿಕಾಗೋವಿನ ವಿಲಿಯಮ್ಸ್ ಸಂಸ್ಥೆಯವರು ೧೯೮೨ರಲ್ಲಿ ಹೊರಡಿಸಿದ್ದು. ಆಟದ ವಸ್ತುವು ಪುರಾಣಕಾರರು ಮೆಚ್ಚುವಂಥದು: ಈಟಿ ಹಿಡಿದ ವೀರನು ಉಷ್ಟ್ರಪಕ್ಷಿಯ ಮೇಲೆ ಕುಳಿತು ಆಕಾಶದಲ್ಲಿ ಹಾರುತ್ತ, ಇತರ ಪಕ್ಷಿಗಳ ಮೇಲೆ ಬರುವ ವೈರಿಗಳನ್ನು ಡಿಕ್ಕಿ ಹೊಡೆಯಬೇಕು, ಯಾವನ ಈಟಿ ಮೇಲಿರುವುದೋ ಅವನಿಗೆ ಜಯ, ಸೋತವನು ಮೊಟ್ಟೆಯಾಗಿ ಕೆಳಗೆ ಬೀಳುವನು. ಗುಂಡಿಯನ್ನು ಒಂದು ಸಲ ಒತ್ತಿದರೆ ರೆಕ್ಕೆ ಒಂದು ಸಲ ಬಡಿಯುವುದು. ಆಡುವವನು ಕಣ್ಣನ್ನು ವೈರಿಯ ಮೇಲಿಟ್ಟು ತನ್ನ ರೆಕ್ಕೆಯನ್ನು ಕಿವಿಯಿಂದಲೇ ತಿಳಿಯತಕ್ಕದ್ದು. ಅಂಥ ಯಂತ್ರವು ಮೂಕವಾಗಿದ್ದಿತು.

ಅದು ಮೊದಲು ನೆರೆಮನೆಯ ಒಬ್ಬ ವೃದ್ಧರದು. ಎಂಬತ್ತು ದಾಟಿದವರು. ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿಯೊಂದನ್ನು ಬಹುಕಾಲ ನಡೆಸಿ, ಅದನ್ನು ಮುಚ್ಚಿದಾಗ ಈ ಒಂದು ಯಂತ್ರವನ್ನು ಮಾತ್ರ ಮನೆಗೆ ತಂದಿಟ್ಟುಕೊಂಡಿದ್ದರು. ಈಗ ಮನೆಯನ್ನು ಮಾರಿ ದಕ್ಷಿಣದ ರಾಜ್ಯವೊಂದರಲ್ಲಿರುವ ಮಗಳ ಬಳಿಗೆ ಹೊರಟಿದ್ದುದರಿಂದ ಅದನ್ನು ನಮ್ಮ ಅಳಿಯಂದಿರಿಗೆ ಕೊಟ್ಟುಬಿಟ್ಟರು. ಅವರ ಕಣ್ಣುಗಳ ನಡುಭಾಗವು ಮಂಜಾಗಿ ಕೆಲವು ವರ್ಷಗಳಾಗಿದ್ದುವು. “ಚಿತ್ರವು ಇನ್ನು ನನಗೆ ಕಾಣುವಂತಿಲ್ಲ. ಶಬ್ದ ಬಂದರೆ ನನ್ನನ್ನೊಮ್ಮೆ ಕರೆಯಿರಿ” ಎಂದಿದ್ದರಂತೆ. ಹೊರಡುವುದಕ್ಕೆ ಹನ್ನೊಂದು ದಿನಗಳಿದ್ದುವು.

ಅಳಿಯಂದಿರು ಮೊದಲು ಒಬ್ಬ ಕಸಬುದಾರನನ್ನು ಕರೆಯಿಸಿದರು. ಅವನು ಐದು ನಿಮಿಷ ನೋಡಿ, ಸೌಂಡ್ ಬೋರ್ಡು ಸತ್ತಿದೆ, ಹೊಸದನ್ನು ತರಿಸಿ ಹಾಕಬೇಕು, ಬರುವುದಕ್ಕೆ ಮೂರು ವಾರ ಹಿಡಿಯುವುದೆಂದು ಹೇಳಿ ಹೊರಟುಹೋದನು. ಸತ್ತಿದೆಯೆಂಬುದು ರೋಗದ ಹೆಸರಲ್ಲ. ನಮಗೆ ಇದು ಹಿಡಿಸಲಿಲ್ಲ. ಅಳಿಯಂದಿರಿಗೆ ಸಾಲ್ಡರಿಂಗ್ ಕಬ್ಬಿಣವನ್ನು ಹಿಡಿಯುವ ಅಭ್ಯಾಸವುಂಟು, ನಮಗೆ ಬಿಡುವುಂಟು. ಇಬ್ಬರೂ ಕುಳಿತೆವು.

ಆಯುರ್ವೇದದಲ್ಲಿ ರೋಗವನ್ನು ತಿಳಿಯುವುದಕ್ಕೆ ಐದು ದಾರಿಗಳನ್ನು ಹೇಳಿದ್ದಾರೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ರೋಗದ ಕಾರಣ, ಅದು ಬರುವ ಮುಂಚಿನ ಸುಳಿವು, ಬಂದ ಮೇಲಿನ ಲಕ್ಷಣ, ಯಾವುದನ್ನು ಕೊಟ್ಟರೆ ಶಮನವಾಗುವುದೆಂಬ ಪರೀಕ್ಷೆ, ರೋಗವು ದೇಹದಲ್ಲಿ ಬೆಳೆದುಬಂದ ಬಗೆ. ಸೌಂಡ್ ಬೋರ್ಡಿಗೂ ಇವೈದೂ ಸಲ್ಲುತ್ತವೆ. ನಾವು ರೂಪದಿಂದ ಪ್ರಾರಂಭಿಸಿದೆವು. ಪೂರ್ವರೂಪವನ್ನು ಆ ವೃದ್ಧರಲ್ಲಿ ಕೇಳಲೇ ಇಲ್ಲ. ಅದರ ಫಲವನ್ನು ಮುಂದೆ ಹೇಳುತ್ತೇವೆ.

ಶಬ್ದವು ಹುಟ್ಟುವ ದಾರಿಯನ್ನು ಮೊದಲು ತಿಳಿಯಬೇಕು. ಪಾಣಿನೀಯ ಶಿಕ್ಷೆಯನ್ನು ಓದಿದವರಿಗೆ ಇದು ಕಷ್ಟವಲ್ಲ. ಆತ್ಮದಿಂದ ಮನಸ್ಸಿಗೆ, ಮನಸ್ಸಿನಿಂದ ದೇಹಾಗ್ನಿಗೆ, ಅಗ್ನಿಯಿಂದ ವಾಯುವಿಗೆ, ವಾಯುವಿನಿಂದ ಬಾಯಿಗೆ ಎಂದು ಅಲ್ಲಿ ವರ್ಣೋತ್ಪತ್ತಿಯ ಕ್ರಮವನ್ನು ನಿರೂಪಿಸಿದೆಯಷ್ಟೆ. ಈ ಯಂತ್ರದಲ್ಲಿ ಆಟವನ್ನು ನಡೆಸುವ ದೊಡ್ಡ ಬೋರ್ಡು ಬೇರೆ, ಶಬ್ದವನ್ನು ಮಾಡುವ ಸಣ್ಣ ಬೋರ್ಡು ಬೇರೆ. ರೆಕ್ಕೆ ಬಡಿಯಿತೆಂದು ದೊಡ್ಡದು ಸಣ್ಣದಕ್ಕೆ ಆರು ತಂತಿಗಳ ಮೂಲಕ ಹೇಳಿಕಳುಹಿಸುವುದು. ಒಂದೊಂದು ತಂತಿಗೂ ಎರಡೇ ಅವಸ್ಥೆಗಳಾದುದರಿಂದ ಆರು ತಂತಿಗಳಿಂದ ೬೪ ಸಂಕೇತಗಳಾಗುವುವು. ಅವುಗಳಲ್ಲಿ ಒಂದು ‘ಸುಮ್ಮನಿರು’ ಎಂಬುದಕ್ಕೆ ಮೀಸಲು. ಸಣ್ಣ ಬೋರ್ಡಿನಲ್ಲಿ ೬೮೦೮ ಎಂಬ ಅಂಕಿತವುಳ್ಳ, ನಾಲ್ವತ್ತು ಕಾಲಿನ ಒಂದು ಚಿಪ್ಪು ಆ ಸಂಕೇತವನ್ನು ಗ್ರಹಿಸಿ, ಪಕ್ಕದಲ್ಲಿರುವ ರಾಮ್ ಎಂಬ ಓಲೆಗಟ್ಟನ್ನು ಓದಿ—ಇದು ರಾಮನಾಮವಲ್ಲ, ಬರೆದದ್ದನ್ನು ಓದುವುದಕ್ಕೆ ಮಾತ್ರ ಬರುವ ಚಿಪ್ಪು. ಗೊಂದಲ ಬೇಡವೆಂದು ಮುಂದೆ ಓಲೆ ಎಂದೇ ಕರೆಯುತ್ತೇವೆ—ಅಲ್ಲಿ ಬರೆದ ವಿಧಿಯಂತೆ ಒಂದಾದಮೇಲೊಂದು ಸಂಖ್ಯೆಯನ್ನು ಅತಿವೇಗದಿಂದ ಹೊರಕ್ಕೆ ಹಾಕುವುದು. ಸೊನ್ನೆಯಿಂದ ೨೫೫ರವರೆಗಿನ ಈ ಸಂಖ್ಯೆಗಳನ್ನು ಇನ್ನೊಂದು ಚಿಪ್ಪು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುವುದು. ಅದನ್ನು ಆಂಪ್ಲಿಫಯರು ದೊಡ್ಡದು ಮಾಡಿ ಲೌಡ್‌ಸ್ಪೀಕರಿಗೆ ಕೊಡುವುದು. ಗಮನಿಸತಕ್ಕ ಅಂಶವೇನೆಂದರೆ, ಇದರಲ್ಲಿ ರೆಕ್ಕೆಯ ಬಡಿತವನ್ನಾಗಲಿ ಪಕ್ಷಿಯ ಕೂಗನ್ನಾಗಲಿ ಯಾರೂ ಮುದ್ರಿಸಿಟ್ಟಿಲ್ಲ. ಪ್ರತಿಸಲವೂ ಗಣಿತದಿಂದ ಹೊಸದಾಗಿ ಹುಟ್ಟುವ ಶಬ್ದವದು. ಆ ಸಮಸ್ತ ಶಬ್ದಪ್ರಪಂಚದ ವಿಧಿಯೂ ಅಡಗಿರುವುದು ೪೦೯೬ ಅಂಕಗಳಲ್ಲಿ. ಈ ಲೇಖನದ ಅಕ್ಷರಗಳನ್ನು ಬರೆದಿಡುವುದಕ್ಕೂ ಅಷ್ಟು ಸ್ಥಳವು ಸಾಲದು.

ಇನ್ನು ರೂಪ. ಯಂತ್ರವನ್ನು ನಡೆಯಿಸಿದೊಡನೆ ಸ್ಪೀಕರಿನಿಂದ ತಂಬೂರಿಯ ಮಂದ್ರದ ತಂತಿಯಂತೆ ಗುಂಯ್ ಎಂಬ ಒಂದೇ ನಾದವು ಹೊರಡುತ್ತಿದ್ದಿತು. ಬೇರೆ ಯಾವ ಶಬ್ದವೂ ಇಲ್ಲ. ಕಸಬುದಾರನು ಇದನ್ನು ಕೇಳಿಯೂ ಕೇಳದವನಂತೆ ಹೋಗಿದ್ದನು. ಆದರೆ ಈ ಗುಂಯ್ಕಾರವು ಅಪಾರವಾದ ವಿಷಯವನ್ನು ತಿಳಿಸತಕ್ಕದ್ದು. ಸ್ಪೀಕರು ಬದುಕಿದೆ, ಅದಕ್ಕೆ ಹೋಗುವ ತಂತಿ ಬದುಕಿದೆ, ಆಂಪ್ಲಿಫಯರಿಗೆ ಅರ್ಧ ಪ್ರಾಣವಾದರೂ ಇದೆ. ಹಿಂದೆ ನಮ್ಮೂರಿನ ರೇಡಿಯೋ ರಿಪೇರಿಯವರು ವಾಲ್ಯೂಮ್ ತಿರುಗಿಸುವ ಗುಬುಟಿನ ಹಿಂದಣ ನಡುವಣ ಕೊಂಡಿಗೆ ಬೆರಳು ಮುಟ್ಟಿಸಿ ಕೇಳುತ್ತಿದ್ದರು. ಬುರ್ ಎಂದು ಶಬ್ದವಾದರೆ ಅಲ್ಲಿಂದ ಮುಂದಿನದೆಲ್ಲ ಸರಿ, ದೋಷವು ಅದಕ್ಕೆ ಹಿಂದೆ. ಅದನ್ನೇ ಮಾಡಿದೆವು, ಬುರ್ ಎಂದಿತು. ತಾರ್ಕಿಕರ ಅನ್ವಯ-ವ್ಯತಿರೇಕಗಳೆಂದರೆ ಇವೇ ಅಲ್ಲವೆ? ಇದು ಇದ್ದರೆ ಅದು ಇರುವುದು, ಇದು ಇಲ್ಲದಿದ್ದರೆ ಅದು ಇರದು ಎಂದು ದಾರಿಯನ್ನು ಎರಡಾಗಿ ಕಡಿಯುತ್ತ ಹೋದರೆ ಕಳ್ಳನಿಗೆ ಅಡಗುವ ಸ್ಥಳವು ಕಿರಿದಾಗುತ್ತ ಬರುವುದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯುವುದು ಪಾಪ. ಬೆರಳು ಮುಟ್ಟಿಸುವ ಈ ಮಾತು ಅಲ್ಪ ವೋಲ್ಟಿನ ಆ ಒಂದು ಕೊಂಡಿಗೆ ಮಾತ್ರ ಅನ್ವಯಿಸುವುದು. ಇಂಥ ಬೀರಿನೊಳಗೆ ಚಿತ್ರವನ್ನು ತೋರಿಸುವ ಗಾಜಿನ ಕೊಳವೆಯ ನೆತ್ತಿಯ ಮೇಲೆ ರಬ್ಬರಿನ ಬಟ್ಟಲಿನ ಕೆಳಗೆ ಸುಮಾರು ಇಪ್ಪತ್ತು ಸಾವಿರ ವೋಲ್ಟುಗಳಷ್ಟು ವಿದ್ಯುತ್ತಿರುವುದು; ಯಂತ್ರವನ್ನು ನಿಲ್ಲಿಸಿದ ಮೇಲೆಯೂ ಅದು ಬಹಳ ಹೊತ್ತು ಉಳಿದಿರಬಹುದು. ಹಳೆಯ ಟೆಲಿವಿಷನ್ ಪೆಟ್ಟಿಗೆಗಳಲ್ಲಿಯೂ ಹಾಗೆಯೇ. ಅಳಿಯಂದಿರು ನಮ್ಮನ್ನು ಆ ಕಡೆಗೆ ಕೈಹಾಕಗೊಡಲಿಲ್ಲ. ಪ್ರತಿಸಲವೂ ಗೋಡೆಯಿಂದ ಪ್ಲಗ್ಗನ್ನು ಕಿತ್ತು, ಅದನ್ನು ನಮ್ಮ ಕಣ್ಣಿಗೆ ಬೀಳುವಂತೆ ಕುರ್ಚಿಯ ಮೇಲಿಟ್ಟು, ಆಮೇಲೆ ಬಾಗಿಲು ತೆರೆಯುತ್ತಿದ್ದರು. “ಮಾವ, ಒಂದು ಕೈ ಜೇಬಿನಲ್ಲಿರಲಿ” ಎಂದು ಅವರು ಹೇಳಿದಾಗ ನಮ್ಮ ಪಂಚೆಗೆ ಜೇಬಿಲ್ಲವೆಂದು ಬೆನ್ನ ಹಿಂದೆ ಇಟ್ಟುಕೊಂಡೆವು. ಎರಡು ಕೈಗಳೂ ಯಂತ್ರದಲ್ಲಿದ್ದರೆ ವಿದ್ಯುತ್ತಿಗೆ ಎದೆಯ ಮೂಲಕ ದಾರಿಯಾಗುವುದು; ಅದಕ್ಕಾಗಿ ಈ ನಿಯಮ.

ಗುಂಯ್ಕಾರಕ್ಕೆ ಕಾರಣವೇನು? ಗೋಡೆಯಿಂದ ಬರುವ ವಿದ್ಯುತ್ತು ಅಲೆಯಲೆಯಾಗಿ ಬರತಕ್ಕದ್ದು. ಅಮೆರಿಕಾದಲ್ಲಿ ಸೆಕೆಂಡಿಗೆ ೬೦ ಆವರ್ತಗಳು, ನಮ್ಮಲ್ಲಿ ೫೦. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದ ಮೇಲೆ ಅಲೆಗಳು ೧೨೦ ಆಗುವುವು, ನಮ್ಮಲ್ಲಿಯಾದರೆ ೧೦೦. ಈ ಅಲೆಗಳನ್ನು ಸಮಮಾಡುವುದಕ್ಕಾಗಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರೆಂಬ ಡಬ್ಬಿಯಿರುವುದು. ನಲ್ಲಿಯಲ್ಲಿ ನೀರು ಬಿಟ್ಟುಬಿಟ್ಟು ಬಂದರೂ ಹಂಡೆ ತುಂಬಿದ್ದರೆ ಸ್ನಾನಕ್ಕೆ ತಡೆಯಿಲ್ಲವಷ್ಟೆ. ಆ ಹಂಡೆಯ ಕೆಲಸವೇ ಇದರದು. ಅದರೊಳಗೆ ಅಲ್ಯುಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆದ ಕಾಗದವಿರುವುದು. ನಾಲ್ವತ್ತು ವರ್ಷಗಳ ಶಾಖದಲ್ಲಿ ಆ ದ್ರವವು ಒಣಗಿಹೋಗುವುದು, ಹಂಡೆಯು ಚೆಂಬಿನಷ್ಟಾಗುವುದು, ಅಲೆಗಳು ಹಾಗೆಯೇ ಸ್ಪೀಕರಿಗೆ ಹೋಗಿ ಗುಂಯ್ಗುಟ್ಟುವುವು. ಇದು ತಯಾರಕರ ದೋಷವಲ್ಲ, ಕಾಲದ ದೋಷ. ನಿಮ್ಮ ಹಳೆಯ ರೇಡಿಯೋ ಗುಂಯ್ಗುಟ್ಟುತ್ತಿದ್ದರೆ ಮೊದಲು ಸಂದೇಹಿಸತಕ್ಕದ್ದು ಇದನ್ನೇ. ಬೆಂಗಳೂರಿನ ಸಾದರ ಪತ್ರಪ್ಪನ ರಸ್ತೆಯ ಅಂಗಡಿಗಳಲ್ಲಿ ಇವು ಅಲ್ಪ ಬೆಲೆಗೆ ದೊರೆಯುವುವು. ಹಳೆಯದರ ಮೇಲೆ ಬರೆದ ವೋಲ್ಟಿಗೆ ಕಡಮೆಯಿಲ್ಲದುದನ್ನು ಕೊಳ್ಳಬೇಕು. ಧನ-ಋಣ ಗುರುತುಗಳನ್ನು ಅದಲುಬದಲು ಮಾಡಿ ಹಾಕಿದರೆ ಅದು ಪಟಾಕಿಯಂತೆ ಸಿಡಿಯಬಹುದು.

ಕೆಲವರು ಬೋರ್ಡನ್ನು ಕಂಡೊಡನೆ ಅದರಲ್ಲಿರುವ ಕೆಪಾಸಿಟರುಗಳನ್ನೆಲ್ಲ ಕಿತ್ತು ಹೊಸದನ್ನು ಹಾಕುವರು. ಅದು ನಮಗೆ ಒಪ್ಪಿಗೆಯಿಲ್ಲ. ಹತ್ತು ಔಷಧಗಳನ್ನು ಒಟ್ಟಿಗೆ ಕುಡಿಸಿದ ವೈದ್ಯನಿಗೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಯಾವುದರಿಂದ ಕೆಟ್ಟಿತೆಂಬುದಂತೂ ಎಂದಿಗೂ ತಿಳಿಯದು. ಅಳೆದು ನೋಡಿ ಕೆಟ್ಟುದೆಂದು ಕಂಡ ಮೂರನ್ನು ಮಾತ್ರ ಬದಲಾಯಿಸಿದೆವು. ಗುಂಯ್ಕಾರವು ನಿಂತಿತು. ಈಗ ಯಂತ್ರವು ಸಂಪೂರ್ಣವಾಗಿ ಮೂಕವಾಯಿತು. ನಮ್ಮ ಮಗಳು ಮೇಲಿನಿಂದ, “ಅಪ್ಪಾ, ಮೊದಲು ಅಷ್ಟಾದರೂ ಮಾತನಾಡುತ್ತಿತ್ತಲ್ಲ” ಎಂದಳು.

ಒಂದು ದೇಹದಲ್ಲಿ ಒಂದೇ ರೋಗವಿರಬೇಕೆಂಬ ನಿಯಮವೇನೂ ಇಲ್ಲ. ಬೋರ್ಡಿಗೆ ೫ ವೋಲ್ಟು ಬೇಕು. ನೂರಕ್ಕೆ ಐದರಷ್ಟು ಹೆಚ್ಚುಕಡಮೆಯಾದರೆ ಸಹಿಸುವುದು, ಎಂದರೆ ೪.೭೫ಕ್ಕೆ ಕೆಳಗೆ ಇಳಿಯಕೂಡದು. ವಿದ್ಯುತ್ತನ್ನು ಕೊಡುವ ಕಡೆ ಅಳೆದರೆ ೫.೦೫, ಬೋರ್ಡಿನ ಚಿಪ್ಪಿನ ಕಾಲಿನಲ್ಲಿಯೇ ಅಳೆದರೆ ೪.೪. ನಡುವೆ ಎಲ್ಲಿಯೋ ಸೋರಿಹೋಗುತ್ತಿದೆ. ತಂತಿಯು ಬೋರ್ಡಿಗೆ ಸೇರುವ ಕನೆಕ್ಟರಿನಲ್ಲಿ ಒಂದು ಮುಳ್ಳು ಕಂದು ಬಣ್ಣಕ್ಕೆ ತಿರುಗಿ ಸುಟ್ಟಿದ್ದಿತು. ಅದನ್ನು ಬದಲಾಯಿಸಿದ ಮೇಲೆ ೪.೯೫ ಬಂದಿತು. ಅಳೆಯುವಾಗ ಕೊಡುವವನ ಕೈಯಲ್ಲಿ ಅಳೆಯದೆ ಕೊಳ್ಳುವವನ ಕೈಯಲ್ಲಿ ಅಳೆಯಬೇಕೆಂಬುದು ಹಾಲಿನವರ ವಿಚಾರದಲ್ಲಿ ನಮ್ಮ ಗೃಹಿಣಿಯರು ಬಲ್ಲ ಮಾತೇ. ಆದರೂ ಯಂತ್ರವು ಮಾತನಾಡಲಿಲ್ಲ. ನಾಲ್ಕು ದಿನಗಳು ಕಳೆದಿದ್ದುವು.

ಬೋರ್ಡಿನ ಮೇಲೆ ಪರೀಕ್ಷೆಗೆಂದೇ ಒಂದು ಸಣ್ಣ ಗುಂಡಿಯಿದ್ದಿತು. ಅದನ್ನು ಒತ್ತಿದರೆ ದೊಡ್ಡ ಬೋರ್ಡಿನ ಅಪ್ಪಣೆಯಿಲ್ಲದೆಯೇ ಈ ಬೋರ್ಡು ತಾನಾಗಿ ಶಬ್ದಮಾಡಬೇಕು. ಮಾಡಲಿಲ್ಲ. ಆದುದರಿಂದ ದೋಷವು ಆರು ತಂತಿಗಳಲ್ಲಿ ಮಾತ್ರವಿಲ್ಲ, ಬೋರ್ಡಿನಲ್ಲಿಯೇ ಇದೆಯೆಂದಾಯಿತು. ಈ ತಯಾರಕರ ಆ ಕಾಲದ ಬೋರ್ಡುಗಳಲ್ಲಿ ಒಂದು ಸೊಗಸಾದ ಏರ್ಪಾಡುಂಟು. ಗುಂಡಿಯನ್ನು ಒತ್ತಿದಾಗ ಚಿಪ್ಪು ಮೊದಲು ತನ್ನ ಓಲೆಯಲ್ಲಿರುವ ಅಂಕಗಳನ್ನೆಲ್ಲ ಕೂಡಿ, ಬಂದ ಮೊತ್ತವನ್ನು ಮೊದಲೇ ಬರೆದಿಟ್ಟ ಮೊತ್ತದೊಡನೆ ತಾಳೆನೋಡುವುದು. ಸರಿಹೋದರೆ ಶಬ್ದಮಾಡುವುದು, ಹೋಗದಿದ್ದರೆ ಸುಮ್ಮನೆ ನಿಂತುಬಿಡುವುದು. ತಪ್ಪು ಓದುವುದಕ್ಕಿಂತ ಮೌನವೇ ಲೇಸೆಂದು ಬಗೆದ ವಿದ್ಯಾರ್ಥಿಯಂತೆ. ನಮ್ಮ ತರಗತಿಗಳಲ್ಲಿ ಅಂಥವರು ವಿರಳರಾಗಿದ್ದರು.

ಲಾಜಿಕ್ ಪ್ರೋಬ್ ಎಂಬ ಲೇಖನಿಯಂಥ ಸಾಧನವನ್ನು ಚಿಪ್ಪಿನ ಕಾಲುಗಳಿಗೆ ಒಂದೊಂದಾಗಿ ಮುಟ್ಟಿಸಿ ನೋಡಿದೆವು. ಇದು ವೈದ್ಯರ ನಾಡೀಪರೀಕ್ಷೆಯಿದ್ದಂತೆ. ಸ್ಫಟಿಕದಿಂದ ಬರಬೇಕಾದ ಬಡಿತವು ಬರುತ್ತಿದ್ದಿತು. ನಾಲ್ವತ್ತನೆಯ ಕಾಲು, ಎಂದರೆ ಚಿಪ್ಪನ್ನು ಮಲಗಿಸುವ ಮತ್ತು ಎಬ್ಬಿಸುವ ಕಾಲು, ಎಚ್ಚರದ ಸ್ಥಿತಿಯಲ್ಲಿದ್ದಿತು. ಓಲೆಯ ಕಡೆಗೆ ಹೋಗುವ ತಂತಿಗಳಲ್ಲಿ ಚಲನೆಯಿದ್ದಿತು. ಬುದ್ಧಿಯಿದೆ, ಎಚ್ಚರವಿದೆ, ಓದುತ್ತಿದೆ. ಆದರೆ ಓದಿದುದು ತಾಳೆಯಾಗುತ್ತಿಲ್ಲ. ಓಲೆಯೇ ಕೆಟ್ಟಿರಬೇಕೆಂದು ನಾವು ತೀರ್ಮಾನಿಸಿದೆವು. ಕೆಲವು ಓಲೆಚಿಪ್ಪುಗಳಲ್ಲಿ ಅಂಕಗಳು ಬಂಧಿತವಾದ ವಿದ್ಯುತ್ಕಣಗಳಾಗಿ ಉಳಿದಿರುವುವು. ನೆತ್ತಿಯ ಮೇಲಿನ ಸಣ್ಣ ಗಾಜಿನ ಕಿಟಕಿಗೆ ಅಂಟಿಸಿದ ಕಾಗದವು ಉದುರಿಹೋಗಿ ಬಹುಕಾಲ ಬಿಸಿಲು ಬಿದ್ದರೆ ಬರೆಹವು ಅಳಿಸಿಹೋಗುವುದು. ಇದರ ಕಾಗದವು ಭದ್ರವಾಗಿದ್ದಿತೆಂಬುದನ್ನು ನಾವು ಗಮನಕ್ಕೆ ತರಲಿಲ್ಲ.

ಆ ದಿನ ಅಳಿಯಂದಿರು ಕಚೇರಿಗೆ ಹೋಗಿದ್ದರು. ಚಿಪ್ಪನ್ನು ಸಾಕೆಟ್ಟಿನಿಂದ ಎಬ್ಬಿಸುವುದಕ್ಕೆ ತಕ್ಕ ಚಿಮಟವು ಸಂಜೆ ತರುವುದಾಗಿ ಹೇಳಿದ್ದರು. ಸಂಜೆಯವರೆಗೆ ಕಾಯುವ ತಾಳ್ಮೆ ನಮಗೆ ಉಳಿಯಲಿಲ್ಲ. ಅಡಿಗೆಮನೆಯಿಂದ ತರಕಾರಿ ಹೆಚ್ಚುವ ಚೂರಿಯನ್ನು ತಂದು, ಚಿಪ್ಪಿನ ಒಂದು ಕೊನೆಗೆ ಹಾಕಿ ಮೀಟಿದೆವು. ಅದು ಒಂದು ಕಡೆ ಮಾತ್ರ ಮೇಲೆದ್ದಿತು. ಇನ್ನೊಂದು ಕಡೆಯ ಕಾಲುಗಳು ಬಾಗಿದುವು. ಬಾಗಿದುದನ್ನು ಬೆರಳಿನಿಂದ ನೆಟ್ಟಗೆ ಮಾಡಹೋದಾಗ ಇಪ್ಪತ್ತನಾಲ್ಕು ಕಾಲುಗಳಲ್ಲಿ ಒಂದು ಮುರಿದು ನಮ್ಮ ಅಂಗೈಯಲ್ಲಿ ಬಿದ್ದಿತು. ಎಳ್ಳಿನ ಸಿಪ್ಪೆಯಷ್ಟು ಲೋಹ. ಅಷ್ಟು ಸಣ್ಣ ವಸ್ತುವನ್ನು ನೋಡುತ್ತ ಅಷ್ಟು ದೀರ್ಘವಾಗಿ ನಾವು ಹಿಂದೆಂದೂ ಕುಳಿತಿದ್ದಿಲ್ಲ. ಮೂವತ್ತು ವರ್ಷಗಳು ಮಕ್ಕಳಿಗೆ ಅವಸರವೇ ಅನರ್ಥಕ್ಕೆ ಕಾರಣವೆಂದು ಬೋಧಿಸಿ ಬಂದವರು ನಾವು.

ಸಂಜೆ ಅಳಿಯಂದಿರು ಬಂದಾಗ ಇದ್ದುದನ್ನು ಇದ್ದಂತೆ ಹೇಳಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮಾವ, ಕಾಲು ಹೋಗಿದೆ, ತಲೆ ಹೋಗಿಲ್ಲ” ಎಂದರು. ಮುರಿದ ಕಾಲಿನ ಬುಡದಲ್ಲಿ ಕೂದಲೆಳೆಯಷ್ಟು ಲೋಹವು ಉಳಿದಿದ್ದಿತು. ಅದನ್ನು ಕೆರೆದು ಹೊಳಪುಮಾಡಿ, ತೆಳುವಾದ ತಂತಿಯ ತುಂಡೊಂದನ್ನು ಅದಕ್ಕೆ ತಾಗಿಸಿ, ಕಬ್ಬಿಣವನ್ನು ಎರಡು ಮೂರು ಎಣಿಸುವಷ್ಟು ಹೊತ್ತು ಮಾತ್ರ ಮುಟ್ಟಿಸಿ ಬೆಸೆದರು; ಹೆಚ್ಚು ಹೊತ್ತು ಕಾಯಿಸಿದರೆ ಒಳಗಿನ ಬರೆಹಕ್ಕೆ ಅಪಾಯ. ನಾವು ದೀಪವನ್ನು ಹಿಡಿದುಕೊಂಡು ನಿಂತಿದ್ದೆವು. ಅದಕ್ಕೂ ಅನುಮತಿಯನ್ನು ಬೇಡಬೇಕಾಯಿತು.

ಅಳಿಯಂದಿರ ಸಹೋದ್ಯೋಗಿಯೊಬ್ಬರಲ್ಲಿ ಇಂಥ ಓಲೆಗಳನ್ನು ಓದುವ ಸಾಧನವಿದ್ದಿತು. ಹಳೆಯ ಆಟಗಳನ್ನು ಈಗಿನ ಕಂಪ್ಯೂಟರುಗಳಲ್ಲಿ ಅನುಕರಿಸಿ ಉಳಿಸುವ ‘ಮೇಮ್’ ಎಂಬ ಉದ್ಯಮವು ೧೯೯೭ರಲ್ಲಿ ಪ್ರಾರಂಭವಾದಂದಿನಿಂದ ಲೋಕದ ನಾನಾ ಕಡೆಯ ಆಸಕ್ತರು ಸಾವಿರಾರು ಯಂತ್ರಗಳ ಓಲೆಗಳನ್ನು ಪ್ರತಿಮಾಡಿಟ್ಟಿದ್ದಾರೆ. ತಾಳೆಗರಿಗಳನ್ನು ಹುಡುಕಿ ಪ್ರತಿಮಾಡಿಸಿದ ನಮ್ಮ ಪ್ರಾಚ್ಯಸಂಶೋಧಕರ ಕಾರ್ಯವೇ ಇದು. ಪಾಠಾಂತರಗಳನ್ನು ಗುರುತಿಸುವ ಶ್ರಮವೂ ಉಂಟು. ಆದರೆ ಎಲ್ಲ ಶಬ್ದವೂ ಓಲೆಯಲ್ಲಿರುವುದಿಲ್ಲ. ಮೇಲೆ ಹೇಳಿದ ‘ಸ್ಪೇಸ್ ಇನ್‌ವೇಡರ್ಸ್’ ಯಂತ್ರದ ಶಬ್ದಗಳು ಬರೆಹದಿಂದ ಹುಟ್ಟತಕ್ಕುವಲ್ಲ. ಕೆಪಾಸಿಟರು ಮೊದಲಾದ ಬಿಡಿಭಾಗಗಳ ಜೋಡಣೆಯಿಂದಲೇ ಹುಟ್ಟತಕ್ಕುವು. ಅದರಲ್ಲಿ ಆಗಾಗ ಹಾದುಹೋಗುವ ತಟ್ಟೆಯ ಶಬ್ದಕ್ಕೆ ಮಾತ್ರ ಒಂದು ವಿಶೇಷವಾದ ಚಿಪ್ಪುಂಟು. ಪ್ರತಿಮಾಡಲು ಬರೆಹವೇ ಇಲ್ಲದುದರಿಂದ ಬಹುಕಾಲ ಆ ಶಬ್ದಗಳನ್ನು ನಿಜವಾದ ಯಂತ್ರದಿಂದ ಮುದ್ರಿಸಿಕೊಂಡು ಕೇಳಿಸುತ್ತಿದ್ದರು. ಅಂಥ ಬೋರ್ಡಿನಲ್ಲಿ ಒಂದು ಭಾಗವನ್ನು ಬದಲಾಯಿಸಿದರೆ ಧ್ವನಿಯ ಗುಣವೇ ಒಂದಿಷ್ಟು ಬದಲಾಗಬಹುದು.

ನಮ್ಮ ಓಲೆಯ ೪೦೯೬ ಅಂಕಗಳೂ ಉಳಿದ ಪ್ರತಿಯೊಡನೆ ಒಂದೂ ತಪ್ಪದೆ ತಾಳೆಯಾದುವು. ಓಲೆಗೆ ರೋಗವೇ ಇರಲಿಲ್ಲ! ನಾವು ಕಾಲು ಮುರಿದುದು ನಿರಪರಾಧಿಯದು. ಆಗ ಉಳಿದ ಕಾಲುಗಳನ್ನು ಭೂತಗನ್ನಡಿಯಿಂದ ನೋಡಿದರೆ, ಅವು ಹಳೆಯ ಬೆಳ್ಳಿಯ ಲೋಟದಂತೆ ಕಪ್ಪಾಗಿದ್ದುವು. ಅವುಗಳ ಮೇಲಿನ ಬೆಳ್ಳಿಯ ಲೇಪನಕ್ಕೆ ಕಿಲುಬು ಹಿಡಿದು, ಸಾಕೆಟ್ಟಿನ ಹಿಡಿತವೂ ಸಡಿಲವಾಗಿ, ಅಕ್ಷರಗಳು ದಾಟಿಹೋಗದೆ ನಿಂತಿದ್ದುವು. ಮರುದಿನ ಬೆಳಗ್ಗೆ ಆ ವೃದ್ಧರು ಬೇಲಿಯ ಬಳಿ ಸಿಕ್ಕಾಗ, ಮಾತು ನಿಲ್ಲುವ ಮುಂಚೆ ಯಂತ್ರವು ಹೇಗಿದ್ದಿತೆಂದು ಕೇಳಿದೆವು. “ಪಕ್ಕಕ್ಕೊಂದು ಗುದ್ದು ಕೊಟ್ಟರೆ ಮಾತನಾಡುತ್ತಿತ್ತು. ಆಮೇಲಾಮೇಲೆ ಎರಡು ಗುದ್ದು ಬೇಕಾಗುತ್ತಿತ್ತು” ಎಂದರು. ಗುದ್ದಿದರೆ ಮಾತನಾಡುವ ಯಂತ್ರದಲ್ಲಿ ದೋಷವಿರುವುದು ಜೋಡಣೆಯಲ್ಲಿಯೇ. ಪೂರ್ವರೂಪವನ್ನು ಮೊದಲ ದಿನವೇ ಕೇಳಿದ್ದರೆ ಚೂರಿಯು ಅಡಿಗೆಮನೆಯಲ್ಲಿಯೇ ಉಳಿಯುತ್ತಿದ್ದಿತು.

ಹಳೆಯ ಸಾಕೆಟ್ಟನ್ನು ತೆಗೆದು ಹೊಸದನ್ನು ಬೆಸೆದು, ಕಾಲುಗಳ ಕಪ್ಪನ್ನು ನಯವಾಗಿ ಒರೆಸಿ, ಓಲೆಯನ್ನು ಕೂರಿಸಿ ಗುಂಡಿಯನ್ನು ಒತ್ತಿದೆವು. ಹಕ್ಕಿ ಕಿರಿಚಿದಂಥದೂ ಗುಡುಗಿದಂಥದೂ ಆದ ಒಂದು ಶಬ್ದವು ಹೊರಟಿತು. ಮೇಲಿನಿಂದ ಮಗಳೂ ಮೊಮ್ಮಗನೂ ಓಡಿಬಂದರು. ಆರು ತಂತಿಗಳ ಪಟ್ಟಿಯನ್ನು ಸಿಕ್ಕಿಸಿ ಆಟವನ್ನು ಹಚ್ಚಿದೆವು. ಎಲ್ಲ ಬಗೆಯ ಶಬ್ದಗಳೂ ಬಂದುವು. ನಮಗೆ ಕೆಲಸವು ಮುಗಿದಂತೆಯೇ ತೋರಿತು. ಇನ್ನೂ ಎರಡು ದಿನಗಳು ಉಳಿದಿದ್ದುವು.

ವೃದ್ಧರನ್ನು ಕೈಹಿಡಿದು ಮೆಟ್ಟಲಿಳಿಸಿ ಯಂತ್ರದ ಮುಂದೆ ನಿಲ್ಲಿಸಿದರು ಅಳಿಯಂದಿರು. ಮೊಮ್ಮಗನು ಆಡಿದನು. ಅವರು ತಲೆ ಬಾಗಿಸಿ ಸ್ವಲ್ಪ ಹೊತ್ತು ಕೇಳಿ, “ಇದು ರೆಕ್ಕೆಯಲ್ಲ” ಎಂದರು. ನಾವು ಮುಖಮುಖ ನೋಡಿಕೊಂಡೆವು. ನಮ್ಮಲ್ಲಿ ಯಾರಿಗೂ ಆ ಪಕ್ಷಿಯ ರೆಕ್ಕೆಯ ಶಬ್ದವು ಹೇಗಿರಬೇಕೆಂಬುದೇ ತಿಳಿಯದು. ಬಂದ ಶಬ್ದವನ್ನೇ ಸರಿಯೆಂದು ಒಪ್ಪಿದ್ದೆವು. ಅವರೋ ಇಪ್ಪತ್ತು ವರ್ಷಗಳ ಕಾಲ ಒಗೆಯುವ ಯಂತ್ರಗಳ ಗದ್ದಲದ ನಡುವೆ ಅದನ್ನು ಕೇಳಿದವರು. “ಮೊಟ್ಟೆ ಸರಿ. ಆ ದೊಡ್ಡ ಹಕ್ಕಿಯ ಕೂಗು ಸರಿ. ರೆಕ್ಕೆ ಸರಿಯಿಲ್ಲ” ಎಂದು ಇನ್ನೊಮ್ಮೆ ಹೇಳಿದರು.

ಕೆಲವು ಸರಿ, ಕೆಲವು ತಪ್ಪು. ಸ್ವಲ್ಪ ಯೋಚಿಸಿದರೆ ಇದರ ಸಂಪ್ರಾಪ್ತಿಯು ತಾನಾಗಿ ಹೊಳೆಯುವುದು. ಆರು ತಂತಿಗಳಲ್ಲಿ ಒಂದು ಕಡಿದಿದ್ದರೆ ೬೪ ಸಂಕೇತಗಳಲ್ಲಿ ೩೨ಕ್ಕೆ ಬಾಧಕವಿಲ್ಲ. ಆ ತಂತಿಯನ್ನು ಬಳಸತಕ್ಕ ಇನ್ನು ೩೨ ಸಂಕೇತಗಳು ದಾರಿಯಲ್ಲಿ ಬೇರೆ ಸಂಕೇತಗಳಾಗಿ ಮಾರ್ಪಡುವುವು. ಒಂದು ಕೊಂಬು ಬಿಟ್ಟುಹೋದರೆ ‘ಪುರ’ವು ‘ಪರ’ವಾಗುವಂತೆ. ಬೋರ್ಡು ತನಗೆ ಬಂದ ಅಪ್ಪಣೆಯನ್ನು ಚಾಚೂ ತಪ್ಪದೆ ನಡಸುತ್ತಿತ್ತು. ಅಪ್ಪಣೆಯೇ ದಾರಿಯಲ್ಲಿ ಕೆಟ್ಟಿದ್ದಿತು. ತಂತಿಪಟ್ಟಿಯ ಎರಡು ತುದಿಗಳಿಗೂ ಮೀಟರನ್ನು ಹಿಡಿದು ಒಂದೊಂದನ್ನಾಗಿ ನೋಡಿದೆವು. ಒಂದು, ಎರಡು, ಮೂರು ಸರಿ; ನಾಲ್ಕನೆಯದು ಮೇಲುನೋಟಕ್ಕೆ ನೆಟ್ಟಗಿದ್ದರೂ ಕನೆಕ್ಟರಿನ ಒಳಗೆ ಕಡಿದಿದ್ದಿತು. ಅದನ್ನು ಹೊಸದಾಗಿ ಜೋಡಿಸುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಆ ವೃದ್ಧರು ಮೆಟ್ಟಲಿನ ಮೇಲೆ ಕುಳಿತು ನಮ್ಮ ಮಗಳು ಕೊಟ್ಟ ಕಾಫಿಯನ್ನು ಕುಡಿಯುತ್ತಿದ್ದರು.

ಎರಡನೆಯ ಸಲ ಅವರು ಏನೂ ಹೇಳಲಿಲ್ಲ. ಮೊಮ್ಮಗನ ಕೈಯನ್ನು ಸರಿಸಿ ತಾವೇ ಗುಂಡಿಯ ಮೇಲೆ ಬೆರಳಿಟ್ಟರು. ಒತ್ತಿದರು, ಬಿಟ್ಟರು, ಒತ್ತಿದರು. ವೀರನು ಕೆಳಗಿನ ಬೆಂಕಿಯ ಹೊಳೆಗೆ ಬಿದ್ದು ಎಷ್ಟೋ ಹೊತ್ತಾಗಿದ್ದಿತು. ಮೊಮ್ಮಗನು ಅದನ್ನು ಹೇಳಹೋದಾಗ ಮಗಳು ಕಣ್ಸನ್ನೆಯಿಂದ ತಡೆದಳು. ಅಳಿಯಂದಿರು ಇನ್ನೊಂದು ನಾಣ್ಯವನ್ನು ಹಾಕಿದರು.

ಅವರು ಹೊರಟುಹೋದ ದಿನ ಸಂಜೆ ಬೀರಿನ ಹಿಂಬಾಗಿಲಿನ ಒಳಮೈಗೆ ಅಳಿಯಂದಿರು ಒಂದು ಕಾಗದವನ್ನು ಅಂಟಿಸಿ, ಏನೇನನ್ನು ಬದಲಾಯಿಸಿದೆವೆಂಬುದನ್ನು ತಾರೀಖಿನೊಡನೆ ಬರೆದರು: ಕೆಪಾಸಿಟರು ಮೂರು, ಕನೆಕ್ಟರಿನ ಮುಳ್ಳು ಒಂದು, ಸಾಕೆಟ್ಟು ಒಂದು, ತಂತಿ ಒಂದು. ಮುಂದೆ ಯಾವನೊಬ್ಬನು ಈ ಬಾಗಿಲನ್ನು ತೆರೆದರೂ ಅವನಿಗೆ ತಿಳಿಯಲೆಂದು. ಹಳೆಯ ಓಲೆಗಳ ಕಡೆಯಲ್ಲಿ ಲಿಪಿಕಾರರು ತಮ್ಮ ತಪ್ಪುಗಳಿಗೆ ಕ್ಷಮೆ ಬೇಡುವ ಪದ್ಧತಿಯನ್ನು ನೆನೆದು ನಾವು ಲೇಖನಿಯನ್ನು ಕೇಳಿ ತೆಗೆದುಕೊಂಡು, ಆ ಪಟ್ಟಿಯ ಕೆಳಗೆ, ‘ಓಲೆಚಿಪ್ಪಿನ ಒಂದು ಕಾಲು ಮುರಿದುದು ಕಾಲದಿಂದಲ್ಲ, ಮಾವನಿಂದ’ ಎಂದು ಕನ್ನಡದಲ್ಲಿಯೇ ಬರೆದು ರುಜುಮಾಡಿದೆವು.